ಆಯುಧಪೂಜೆಯ ಮರುದಿನದ ರೇಸು

ಕುದುರೆಗೆ ಉಚ್ಚೆ ಹೊಯ್ಯಿಸಬೇಕಾದರೆ ಸಿಳ್ಳೆ ಹಾಕಬೇಕು. ಮೈಸೂರಿನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುವಾಗ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತೊಂಬತ್ತರ ದಶಕದ ನಡುವೆ ಸಿಂಗಪುರದ ರೇಸ್‌ಕೋರ್ಸಿನ ಲ್ಯಾಬ್‌ಗೆ ಕೆಲಸಕ್ಕೆ ಸೇರಿದ ಮೇಲೆಯೇ ನೋಡಿದ್ದು. ರೇಸು ಮುಗಿದ ಕೂಡಲೇ ಗೆದ್ದ ಕುದುರೆಯನ್ನು ಒಂದು ಕೋಣೆಗೆ ಕರೆತಂದು, ಮೈ ತೊಳೆದು, ಹೊಸ ಹುಲ್ಲಿನ ಮೇಲೆ ನಿಲ್ಲಿಸುತ್ತಾರೆ. ಕೋಲಿನ ತುದಿಗೆ ಡಬ್ಬಿ ಸಿಕ್ಕಿಸಿಕೊಂಡ ಒಬ್ಬ ನೌಕರ ಬಹಳ ಗಂಭೀರವಾಗಿ, ಸಣ್ಣಗೆ, ಬಿಡದೆ ಸಿಳ್ಳೆ ಹಾಕುತ್ತಾನೆ. ಕುದುರೆ ಮನಸ್ಸು ಮಾಡುವವರೆಗೂ ಎಲ್ಲರೂ ಕಾಯಬೇಕು. ಕೋಟ್ಯಂತರ ಡಾಲರಿನ ವ್ಯವಹಾರ ಒಂದು ಪ್ರಾಣಿಯ ಮೂತ್ರಕೋಶದ ಮರ್ಜಿಗೆ ಕಾದು ನಿಂತಿರುವುದನ್ನು ಕಂಡು ನನಗೆ ಮೊದಲ ದಿನ ನಗು ತಡೆಯಲಾಗಿರಲಿಲ್ಲ.

ಸಿಕ್ಕ ಮೂತ್ರವನ್ನು ಎರಡು ಬಾಟಲಿಗೆ ಹಂಚುತ್ತಾರೆ. ಎರಡಕ್ಕೂ ಕುದುರೆಯ ಕಡೆಯವರ ಎದುರಿನಲ್ಲೇ ಸೀಲು ಬೀಳುತ್ತದೆ. ಒಂದು ನಮ್ಮ ಪರೀಕ್ಷೆಗೆ. ಇನ್ನೊಂದು ಫ್ರೀಜರಿಗೆ, ನಮ್ಮ ಫಲಿತಾಂಶವನ್ನು ಒಪ್ಪದವರು ಅದನ್ನು ಬೇರೆ ದೇಶದ ಲ್ಯಾಬ್‌ಗೆ ಕಳಿಸಿ ನೋಡಬಹುದು. ಬಾಟಲಿಯ ಮೇಲೆ ನಂಬರು ಮಾತ್ರ. ಯಾವ ಕುದುರೆ, ಯಾರ ಲಾಯ ಎಂಬುದು ನಮಗೆ ತಿಳಿಯಬಾರದು. ಲ್ಯಾಬಿನವರು ರೇಸಿಗೆ ಹಣ ಕಟ್ಟಬಾರದು. ಟ್ರೇನರು, ಜಾಕಿ, ಸೈಸ್ ಯಾರ ಜೊತೆಗೂ ಒಡನಾಟ ಇಟ್ಟುಕೊಳ್ಳಬಾರದು. ಟ್ರೇನರು ಎಂದರೆ ಕುದುರೆ ಪಳಗಿಸಿ ಲಾಯ ನಡೆಸುವವನು, ಸೈಸ್ ಎಂದರೆ ಕುದುರೆಯ ಮೈ ಉಜ್ಜಿ, ಮೇವು ಹಾಕಿ, ಲದ್ದಿ ಎತ್ತುವವನು. ನಮ್ಮ ಮೈಸೂರಿನ ಜಟಕಾ ಕಾಲದ ಅದೇ ಪದ ಅಲ್ಲೂ ಇತ್ತು.

ಆ ಪುಟ್ಟ ದೇಶದಲ್ಲಿ ಕಾಫಿ ಶಾಪಿನ ಹಿಂದೆ ಬುಕಿಯ ಹತ್ತಿರ ಕುದುರೆಗೆ ಕಟ್ಟಿದರೆ ಜೈಲು. ಅದೇ ಕುದುರೆಗೆ, ಅದೇ ರೇಸಿಗೆ, ಅಧಿಕೃತ ಕೌಂಟರಿನಲ್ಲಿ ಸಾಲಾಗಿ ನಿಂತು ಟಿಕೆಟ್ ತೆಗೆದುಕೊಂಡರೆ ನೀವು ಸಭ್ಯ ನಾಗರಿಕರು. ತೆರಿಗೆ ಸರ್ಕಾರಕ್ಕೆ, ಒಂದಿಷ್ಟು ಪಾಲು ಧರ್ಮಕಾರ್ಯಕ್ಕೆ. ಬುಕಿಗಿಂತ ನಾವು ಶುದ್ಧ ಎಂದು ಜನರಿಗೆ ತೋರಿಸಬೇಕಲ್ಲ, ಅದಕ್ಕೆ ನಮ್ಮ ಬಾಟಲಿಗಳು. ನಾನು ಈ ಏರ್ಪಾಡನ್ನು ಮನಸಾರೆ ನಂಬಿದ್ದೆ. ಜೂಜು ಹೇಗೂ ನಿಲ್ಲುವುದಿಲ್ಲ, ನ್ಯಾಯವಾಗಿಯಾದರೂ ನಡೆಯಲಿ ಎಂದು ಅಮ್ಮನಿಗೆ ಫೋನಿನಲ್ಲಿ ಭಾಷಣ ಬಿಗಿದದ್ದೂ ಉಂಟು.

ಆ ವರ್ಷ ಆಯುಧಪೂಜೆ ಶುಕ್ರವಾರ ಬಂತು. ಲ್ಯಾಬಿನ ದೊಡ್ಡ ಯಂತ್ರದ ಹಿಂಭಾಗಕ್ಕೆ, ಯಾರಿಗೂ ಕಾಣದ ಕಡೆ, ಒಂದು ಚಿಟಿಕೆ ಕುಂಕುಮ ಹಚ್ಚಿದೆ. ನಮ್ಮ ಚೀಫ್ ಕೆಮಿಸ್ಟ್ ಚೀನೀಯರು. ಪ್ರತಿ ವರ್ಷವೂ ನೋಡುತ್ತಿದ್ದರು, ನೋಡದವರಂತೆ ಹೋಗಿಬಿಡುತ್ತಿದ್ದರು.

ಸಂಜೆ ನನ್ನ ಗಂಡನ ಬಾಸ್ ಮನೆಯಲ್ಲಿ ಊಟ. ಅವರು ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮೈಸೂರಿನವರು. ನನ್ನ ಗಂಡ ಅವರ ಕೈಕೆಳಗೆ ಕಂಪ್ಯೂಟರ್ ವಿಭಾಗದಲ್ಲಿದ್ದ. ಬ್ಯಾಂಕಿನಲ್ಲಿ 'ಸರ್', ಮನೆಯಲ್ಲಿ ನಮಗೆಲ್ಲ ಅಂಕಲ್, ಅವರ ಹೆಂಡತಿ ಆಂಟಿ. ನಾವು ಟ್ಯಾಂಪಿನೀಸ್‌ನ ಬಾಡಿಗೆ ಫ್ಲ್ಯಾಟಿನವರು, ಅವರದು ಈಜುಕೊಳ, ಕಾವಲಿನ ಗೇಟು ಇರುವ ಕಾಂಡೋ ಅಪಾರ್ಟ್‌ಮೆಂಟು. ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು ಕುಂಬಳಕಾಯಿ ಒಡೆಯಲು ಹೋದಾಗ ಕಾಂಡೋದ ಗಾರ್ಡ್ ಓಡಿಬಂದು, "ಅಂಕಲ್, ಹಿಯರ್ ಕೆನಾಟ್ ಲಾ!" ಎಂದು ಸಿಂಗಪುರದ ಇಂಗ್ಲಿಷಿನಲ್ಲಿ ತಡೆದ. ಅಂಕಲ್ ಅವನ ಭುಜ ತಟ್ಟಿ ಕುಂಬಳಕಾಯಿ ಒಡೆದೇ ಬಿಟ್ಟರು. ಆಮೇಲೆ ಅದನ್ನು ಬಳಿದು ಹಾಕಿದವನು ಆ ಗಾರ್ಡೇ.

ಊಟದಲ್ಲಿ ಗಸಗಸೆ ಪಾಯಸ ಇತ್ತು. ಸಿಂಗಪುರಕ್ಕೆ ಗಸಗಸೆ ತರುವಂತಿಲ್ಲ. ಅಫೀಮು ಗಿಡದ ಬೀಜ ಎಂದು ಅಲ್ಲಿಯ ಕಾನೂನು ಅದನ್ನು ಹೊರಗಿಟ್ಟಿದೆ. ಆದರೂ ಊರಿಗೆ ಹೋದವರ ಸೂಟ್‌ಕೇಸಿನಲ್ಲಿ, ಹುಳಿಪುಡಿಯ ಪೊಟ್ಟಣಗಳ ನಡುವೆ, ಅದು ಹೇಗೋ ಬಂದುಬಿಡುತ್ತಿತ್ತು. ನಾವ್ಯಾರೂ ಅದನ್ನು ಅಪರಾಧ ಅಂದುಕೊಂಡವರಲ್ಲ. ನಾನೂ ಎರಡು ಲೋಟ ಕುಡಿದೆ. ಮನೆಗೂ ಒಂದು ಡಬ್ಬಿ ಕಟ್ಟಿಕೊಟ್ಟರು.

ಊಟವಾದ ಮೇಲೆ ಆಂಟಿ ಒಂದು ಟಿಫಿನ್ ಕ್ಯಾರಿಯರ್ ತುಂಬುತ್ತಾ, "ನಮ್ಮೂರೋನೇ ಒಬ್ಬ ಇದಾನಮ್ಮ, ಕುದುರೆ ನೋಡ್ಕೊಳೋನು. ಪಾಪ, ಹಬ್ಬದ ದಿನ ಯಾರಿದಾರೆ ಅವನಿಗೆ? ಗೇಟ್ ಹತ್ರ ಬಂದಿದಾನಂತೆ" ಎಂದರು.

"ಆಂಟಿ, ಅದೆಲ್ಲಾ ನನ್ನ ಮುಂದೆ ಹೇಳ್ಬೇಡಿ. ನನ್ನ ಕೆಲಸ ನಿಮಗೆ ಗೊತ್ತಲ್ಲ" ಎಂದೆ.

"ಅಯ್ಯೋ, ಊಟ ಕೊಟ್ರೆ ಏನಾಯ್ತೇ? ನಿಮ್ಮ ಅಂಕಲ್‌ಗೆ ಅವನು ಅಂದ್ರೆ ಇಷ್ಟ. ಅವನು ಹೇಳಿದ್ದು ಒಂದೂ ಸುಳ್ಳಾಗಲ್ಲ ಅಂತಾರೆ" ಎಂದು ಅವರು ಕಣ್ಣು ಮಿಟುಕಿಸಿದರು. ನಾನು ಎದ್ದು ಬಾಲ್ಕನಿಗೆ ಹೋದೆ. ಕೆಳಗೆ ಗಾರ್ಡಿನ ಕಟ್ಟೆಯ ಆಚೆ ಒಬ್ಬ ಮನುಷ್ಯ ನಿಂತಿದ್ದ. ಅಂಕಲ್ ಕ್ಯಾರಿಯರ್ ಹಿಡಿದು ತಾವೇ ಇಳಿದು ಹೋದರು. ಇಬ್ಬರೂ ತಲೆಗೆ ತಲೆ ಸೇರಿಸಿ ಮಾತಾಡಿದರು. ಇಷ್ಟಪಡುವ ಮನುಷ್ಯನನ್ನು ಹಬ್ಬದ ದಿನ ಮನೆಯೊಳಗೆ ಕರೆದು ಎಲೆ ಹಾಕಲಿಲ್ಲ ಎಂಬುದು ಆಗಲೇ ನನ್ನ ಕಣ್ಣಿಗೆ ಚುಚ್ಚಿತ್ತು.

ಮರುದಿನ ಶನಿವಾರ ರೇಸು. ಸೋಮವಾರ ಬಾಟಲಿಗಳು ನಮ್ಮ ಬೆಂಚಿಗೆ ಬಂದವು.

ಮೊದಲ ಪರೀಕ್ಷೆ ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ. ಮದ್ದು ಇಲ್ಲದ ಮೂತ್ರ ಹಾಕಿದ ಗುಳಿಗೆ ಗಾಢ ಬಣ್ಣ ಬರುತ್ತದೆ. ಮದ್ದು ಇದ್ದರೆ ಬಣ್ಣ ಪೇಲವ. ಅಫೀಮು ಜಾತಿಯ ಮದ್ದುಗಳ ತಟ್ಟೆಯಲ್ಲಿ ಒಂದು ಗುಳಿ ಬೆಳ್ಳಗೆ ಕೂತಿತ್ತು. ತಟ್ಟೆ ಸರಿಯಿಲ್ಲವೇನೋ ಎಂದು ಮತ್ತೆ ಮಾಡಿದೆ. ಮತ್ತೆ ಅದೇ. ಮೂತ್ರಕ್ಕೆ ಕಿಣ್ವ ಬೆರೆಸಿ, ಬೆಚ್ಚಗಿಟ್ಟು, ದ್ರಾವಕದಲ್ಲಿ ಸೋಸಿ ತೆಗೆದು, ಒಣಗಿಸಿ, ದೊಡ್ಡ ಯಂತ್ರಕ್ಕೆ ಕೊಟ್ಟೆ. ಕಾಗದದ ಮೇಲೆ ಗೆರೆ ಏರಬೇಕಾದ ಜಾಗದಲ್ಲೇ ಏರಿತು. ಮಾರ್ಫೀನ್.

ಚೀಫ್ ಬಂದು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. "ಕನ್ಫರ್ಮ್ಡ್ ಆ?"

"ಕನ್ಫರ್ಮ್ಡ್."

"ಐ-ಯಾ. ದಿಸ್ ಒನ್ ಬಿಗ್ ಟ್ರಬಲ್ ಲಾ" ಎಂದು ಸ್ಟೂವರ್ಡ್‌ಗಳಿಗೆ ಫೋನ್ ಮಾಡಲು ಹೋದರು. ಸ್ಟೂವರ್ಡ್‌ಗಳೆಂದರೆ ರೇಸಿನ ನ್ಯಾಯಾಧೀಶರು. ಟ್ರೇನರಿನಿಂದ ಸೈಸ್‌ವರೆಗೆ ಎಲ್ಲರಿಗೂ ಲೈಸೆನ್ಸ್ ಕೊಡುವವರೂ ಅವರೇ, ಕಿತ್ತುಕೊಳ್ಳುವವರೂ ಅವರೇ. ಮಾರ್ಫೀನ್ ಕುದುರೆಯ ನೋವನ್ನು ಮುಚ್ಚುತ್ತದೆ, ಕೆಲವು ಸಲ ಹುರುಪನ್ನೂ ಏರಿಸುತ್ತದೆ. ಕೆಫೀನ್ ಆಗಿದ್ದರೆ ಬೈದು ದಂಡ ಹಾಕಿ ಬಿಡುತ್ತಿದ್ದರೇನೋ. ಮಾರ್ಫೀನ್ ಎಂದರೆ ಆ ದೇಶದಲ್ಲಿ ಮಾದಕವಸ್ತು ವಿಭಾಗದವರೂ ಬಾಗಿಲು ತಟ್ಟುತ್ತಾರೆ.

ಅವರು ತಟ್ಟಿದರು ಕೂಡ. ಲಾಯದವರೆಲ್ಲರ ಮೂತ್ರ ಪರೀಕ್ಷೆಯಾಗಿ, ಯಾರಲ್ಲೂ ಏನೂ ಸಿಗಲಿಲ್ಲವೆಂದು ಚೀಫ್ ಮೂಲಕ ತಿಳಿಯಿತು. ರೇಸ್‌ಕೋರ್ಸಿನ ಭದ್ರತಾ ಸಿಬ್ಬಂದಿ ಆ ಕುದುರೆಯ ಗೂಡನ್ನು ಕೆರೆದು, ಗುಡಿಸಿ, ಸಿಕ್ಕಿದ್ದನ್ನೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ ಸೀಲು ಮಾಡಿ ನಮಗೆ ಕಳಿಸಿದರು. ಅದೇ ಕೇಸಿನ ನಂಬರು. ಒಂದು ಚೀಲದ ಮೇಲೆ, ಬಾಗಿಲಿನ ಬಳಿ ಮತ್ತು ಕುದುರೆಯ ಗೊರಸಿನ ಸಂದಿಯಲ್ಲಿ ಸಿಕ್ಕಿದ ಕೆಂಪು ಪುಡಿ, ಏನೆಂದು ಗುರುತಿಸಿ ಎಂದು ಬರೆದಿತ್ತು. ಇನ್ನೊಂದರ ಮೇಲೆ, ಮೇವಿನ ತೊಟ್ಟಿಯ ತಳದಲ್ಲಿ ಅಂಟಿಕೊಂಡಿದ್ದ ಸಿಹಿ ಪದಾರ್ಥ ಎಂದು.

ಮೊದಲ ಚೀಲ ಬಿಚ್ಚಿದ್ದೇ ತಡ, ಪರೀಕ್ಷೆಯ ಅಗತ್ಯವೇ ಬೀಳಲಿಲ್ಲ. ಮೂಗೇ ಹೇಳಿತು. ಅರಿಶಿನ, ಸುಣ್ಣ, ನಮ್ಮ ಕುಂಕುಮ. ಅದರ ಜೊತೆ ಮುರಿದ ಅಕ್ಕಿಕಾಳು, ಅಕ್ಷತೆ. ಎರಡನೆಯ ಚೀಲದ ಅಂಟನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಬೆಲ್ಲ, ಕೊಬ್ಬರಿಯ ನಾರು, ಸರಿಯಾಗಿ ಅರೆಯದೆ ಉಳಿದ ಬಿಳಿಯ ಸಣ್ಣ ಬೀಜಗಳು.

ಗಸಗಸೆ ಪಾಯಸ. ಶುಕ್ರವಾರ ಆಯುಧಪೂಜೆ. ದರ್ಜಿ ಮಷಿನ್ನಿಗೆ, ಕ್ಷೌರಿಕ ಕತ್ತರಿಗೆ ಕುಂಕುಮ ಇಡುವ ದಿನ. ಮೈಸೂರಿನ ಕಡೆ ಕುದುರೆ ಸಾಕುವವರು ಅವತ್ತು ಕುದುರೆಯ ಹಣೆಗೆ, ಗೊರಸಿಗೆ ಕುಂಕುಮ ಹಚ್ಚಿ, ಆರತಿ ಎತ್ತಿ, ಮನೆಯಲ್ಲಿ ಮಾಡಿದ ಸಿಹಿಯನ್ನು ಮೊದಲು ಅದಕ್ಕೆ ತಿನ್ನಿಸುತ್ತಾರೆ. ಗೇಟಿನ ಆಚೆ ನಿಂತಿದ್ದ ಮನುಷ್ಯ ಮಾಡಿದ್ದು ಅಷ್ಟೇ. ನಾನು ಯಂತ್ರಕ್ಕೆ ಕುಂಕುಮವಿಟ್ಟ ದಿನವೇ ಅವನು ಕುದುರೆಗಿಟ್ಟಿದ್ದ. ಅವನ ಆಯುಧಕ್ಕೆ ಬಾಯಿ ಇತ್ತು, ಹೊಟ್ಟೆ ಇತ್ತು, ಮರುದಿನ ರೇಸು ಇತ್ತು.

ಅಂಟನ್ನು ಪರೀಕ್ಷಿಸಿದೆ. ಮಾರ್ಫೀನ್ ಇತ್ತು. ಜೊತೆಗೆ ಸ್ವಲ್ಪ ಕೊಡೀನ್, ಅದರ ಜೊತೆಗೆ ಥೀಬೈನ್. ಈ ಥೀಬೈನ್ ಮುಖ್ಯವಾದದ್ದು. ಅದು ಗಿಡದಲ್ಲಿರುವ ವಸ್ತು. ಆಸ್ಪತ್ರೆಯ ಸೂಜಿಮದ್ದಿನಲ್ಲಿ ಅದು ಇರುವುದಿಲ್ಲ. ಕುದುರೆಗೆ ಮದ್ದು ಕೊಟ್ಟಿಲ್ಲ, ಬೀಜ ತಿನ್ನಿಸಿದ್ದಾರೆ ಎಂದು ಹೇಳಬಲ್ಲ ಗಟ್ಟಿ ಸಾಕ್ಷಿ ಅದು. ಓಡಿಹೋಗಿ ಚೀಫ್‌ಗೆ ತೋರಿಸಿದೆ.

ಅವರು ಪೂರ್ತಿ ಓದಿದರು. "ಥೀಬೈನ್ ತೆಗೆದುಬಿಡು. ನಮ್ಮನ್ನ ಕೇಳಿರೋದು ಮಾರ್ಫೀನ್ ಇದೆಯಾ ಇಲ್ವಾ ಅಂತ. ಹೇಗೆ ಬಂತು ಅಂತ ಅಲ್ಲ."

"ಆದ್ರೆ ಇದು ಡೋಪಿಂಗ್ ಅಲ್ಲ ಸರ್. ಇದು ಪಾಯಸ. ನಮ್ಮ ಹಬ್ಬದ ಸ್ವೀಟ್."

"ಹೌ ಯು ನೋ?"

ಹೇಳಿದೆ. ಅಂಕಲ್ ಹೆಸರು ಬಿಟ್ಟು ಎಲ್ಲ ಹೇಳಿದೆ. ಊಟ, ಗಸಗಸೆ, ಟಿಫಿನ್ ಕ್ಯಾರಿಯರ್, ನಾನು ಕುಡಿದ ಎರಡು ಲೋಟ. ಚೀಫ್ ಎದ್ದು ಬಾಗಿಲು ಹಾಕಿದರು. ಅವರು ಕೆಟ್ಟವರಲ್ಲ, ಹೆದರಿದವರು.

"ಲಿಸನ್ ಆ. ಬಾಟಲಿಯಲ್ಲಿ ಏನಿದೆ ಅಂತ ಲ್ಯಾಬ್ ಹೇಳುತ್ತೆ. ನಿನ್ನ ಅಡುಗೆಮನೆಯಲ್ಲಿ ಏನಿದೆ ಅಂತ ಲ್ಯಾಬ್ ಹೇಳಲ್ಲ. ವಿಚಾರಣೆಯಲ್ಲಿ ನೀನಾಗೇ ಹೇಳಿದ್ರೆ ಅದು ನಿನ್ನ ಮಾತು, ನಮ್ಮದಲ್ಲ. ಇನ್ನೊಂದು, ಆ ಸೈಸ್ ಹತ್ರ ಹೋಗಿ ಮಾತಾಡ್ಬೇಡ. ಸಾಕ್ಷಿ ತಿರುಚಿದಳು ಅಂತ ನಿನ್ನ ಮೇಲೇ ಬರುತ್ತೆ. ಹೋಲಿಸಿ ನೋಡೋಕೆ ಸ್ಯಾಂಪಲ್ ಏನಾದ್ರೂ ಇದೆಯಾ?"

ಇತ್ತು. ಟ್ಯಾಂಪಿನೀಸ್‌ನ ನಮ್ಮ ಫ್ರಿಜ್ಜಿನ ಫ್ರೀಜರಿನಲ್ಲಿ, ಆಂಟಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಅರ್ಧ ಪಾಯಸ ಉಳಿದಿತ್ತು. ನಾಳೆ ತರುತ್ತೇನೆ ಎಂದೆ. ನನ್ನ ಮನೆಯಲ್ಲಿ ನಿಷೇಧಿತ ಬೀಜ ಇತ್ತೆಂದು ನಾನೇ ಒಪ್ಪಿಕೊಂಡಂತಾಗುತ್ತದೆ ಎಂಬುದು ಗೊತ್ತಿತ್ತು. ಆದರೂ ಮನಸ್ಸು ಹಗುರವಾಗಿತ್ತು. ಒಬ್ಬನ ಅನ್ನದ ದಾರಿ ಉಳಿಯುತ್ತದೆ, ಅದಕ್ಕೆ ಬೇಕಾದದ್ದು ನನ್ನ ಫ್ರಿಜ್ಜಿನಲ್ಲೇ ಇದೆ ಎಂದುಕೊಂಡು ಎಂಆರ್‌ಟಿ ರೈಲು ಹತ್ತಿದೆ.

ತಪ್ಪಿದ್ದು ಅಲ್ಲಿಯೇ. ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದೆ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಬ್ಬಿ ತೊಳೆದು ಕವುಚಿಟ್ಟಿತ್ತು. ಸಿಂಕಿನಲ್ಲಿ ಬಿಸಿನೀರು ಹರಿಯುತ್ತಿತ್ತು.

"ಏನ್ರೀ ಮಾಡಿದ್ರಿ?"

"ನಿನಗೇನು ಹುಚ್ಚಾ? ಮನೇಲಿ ಗಸಗಸೆ ಇದೆ ಅಂತ ನೀನೇ ತಗೊಂಡ್ ಹೋಗಿ ಕೊಡ್ತೀಯಾ? ನನ್ನ ವರ್ಕ್ ಪಾಸ್ ರಿನ್ಯೂ ಆಗ್ಬೇಕು. ಸರ್ ಸೈನ್ ಹಾಕ್ಬೇಕು. ಇಲ್ಲೇ ಖಾಯಂ ಇರೋಕೆ ಪಿಆರ್‌ಗೆ ಅಪ್ಲೈ ಮಾಡಿದೀವಿ, ನೆನಪಿದೆಯಾ?"

"ಅಲ್ಲೊಬ್ಬನ ಲೈಸೆನ್ಸ್ ಹೋಗುತ್ತೆ."

"ಅವನು ಯಾರು ನಿನಗೆ?"

ಅವನು ನನಗೆ ಯಾರೂ ಅಲ್ಲ. ಅವನ ಮುಖವನ್ನೇ ನಾನು ನೋಡಿರಲಿಲ್ಲ. ಆ ಬೆಳಿಗ್ಗೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅಂಕಲ್‌ಗೆ ನನ್ನ ಗಂಡನೇ ಫೋನ್ ಮಾಡಿ ಹೇಳಿದ್ದ ಎಂದು ಸಂಜೆ ಗೊತ್ತಾಯಿತು, ಏಕೆಂದರೆ ಆಂಟಿಯ ಫೋನ್ ಬಂತು.

"ಏನಮ್ಮಾ, ಏನೋ ಗಲಾಟೆಯಂತೆ? ಗಸಗಸೆ ಅಂತ ಮಾತ್ರ ಬಾಯಿ ಬಿಡ್ಬೇಡ ಕಣೇ. ಯಾರಾದ್ರೂ ಕೇಳಿದ್ರೆ ಗೋಡಂಬಿ ಪಾಯಸ ಅನ್ನು."

"ಗೋಡಂಬೀಲಿ ಮಾರ್ಫೀನ್ ಇರಲ್ಲ ಆಂಟಿ."

"ಅದೆಲ್ಲ ಯಾರು ನೋಡ್ತಾರೆ?" ಎಂದರು. ನೋಡುವುದೇ ನನ್ನ ಕೆಲಸ ಎಂಬುದು ಅವರಿಗೆ ನಿಜಕ್ಕೂ ಮರೆತುಹೋಗಿತ್ತು. ಆಮೇಲೆ ದನಿ ತಗ್ಗಿಸಿ, "ಅವನೊಬ್ಬ ಸೈಸ್. ಇಲ್ಲಿ ಇಲ್ದಿದ್ರೆ ಇನ್ನೊಂದ್ ಕಡೆ ಕೆಲಸ ಮಾಡ್ತಾನೆ. ನಾವು ಮಕ್ಕಳ ಸ್ಕೂಲು, ಮನೆ ಎಲ್ಲ ಇಲ್ಲೇ ಮಾಡ್ಕೊಂಡಿದೀವಿ" ಎಂದರು.

ಮುಂದಿನ ವಾರಗಳು ಕಾಯುವುದರಲ್ಲೇ ಹೋದವು. ಟ್ರೇನರು ಎರಡನೆಯ ಬಾಟಲಿಯನ್ನು ಹೊರದೇಶದ ಲ್ಯಾಬ್‌ಗೆ ಕಳಿಸಿದ. ಅಲ್ಲಿಂದಲೂ ಮಾರ್ಫೀನ್ ಎಂದೇ ಬಂತು. ನಾನು ಥೀಬೈನ್ ಅಂಶವನ್ನು ವರದಿಯಿಂದ ತೆಗೆಯಲಿಲ್ಲ. ಚೀಫ್ ಅದನ್ನು ಕೊನೆಯ ಪುಟದ ಅಡಿಟಿಪ್ಪಣಿಗೆ ತಳ್ಳಿದರು. ಅಷ್ಟಾದರೂ ಉಳಿಯಲಿ ಎಂದು ಸುಮ್ಮನಾದೆ. ಮನೆಯಲ್ಲಿ ನಾನೂ ಗಂಡನೂ ಸಾರು, ಉಪ್ಪು, ಛತ್ರಿ ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು.

ವಿಚಾರಣೆಯ ದಿನ ಸೈಸ್‌ನನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಐವತ್ತು ದಾಟಿದ ಸಣಕಲು ಮನುಷ್ಯ. ಯಾರದೋ ಅಂಗಿ ಕೇಳಿ ಹಾಕಿಕೊಂಡು ಬಂದಿದ್ದ. ತೋಳು ಅಂಗೈಯವರೆಗೂ ಇಳಿದಿತ್ತು. ಪಕ್ಕದಲ್ಲಿ ಟ್ರೇನರು, ಅವನ ವಕೀಲ. ಎದುರಿಗೆ ಮೂವರು ಸ್ಟೂವರ್ಡ್‌ಗಳು. ನಡುವೆ ಕೂತ ಅಧ್ಯಕ್ಷರು ಬಿಳಿಯರು, ಬಹಳ ಮೆತ್ತನೆಯ ಮಾತಿನವರು. ಎಲ್ಲವನ್ನೂ ಒಂದು ಟೇಪ್ ರೆಕಾರ್ಡರ್ ಹಿಡಿದಿಡುತ್ತಿತ್ತು.

ಸೈಸ್ ತನಗೆ ಬರುತ್ತಿದ್ದಷ್ಟು ಮಲಯ್ ಮಾತಿನಲ್ಲಿ ಉತ್ತರ ಕೊಟ್ಟ. ದುಭಾಷಿ ಅದನ್ನು ಇಂಗ್ಲಿಷಿಗೆ ಮಾಡುತ್ತಿದ್ದ. ಏನು ತಿನ್ನಿಸಿದೆ? ಹುಲ್ಲು, ಓಟ್ಸ್, ಬೂಸಾ. ಕೆಂಪು ಪುಡಿ? ದೇವರ ಪೂಜೆ. ತೊಟ್ಟಿಯಲ್ಲಿದ್ದ ಸಿಹಿ? ಬೆಲ್ಲ. ಬೆಲ್ಲಕ್ಕೆ ಏನು ಬೆರೆಸಿದ್ದೆ? ಗೊತ್ತಿಲ್ಲ. ಯಾರು ಕೊಟ್ಟರು? ಅಂಗಡಿ. ಯಾವ ಅಂಗಡಿ? ಮರೆತಿದ್ದೇನೆ. ಅವನು ನೆಲ ನೋಡುತ್ತಲೇ ಉತ್ತರಿಸಿದ. ಟ್ರೇನರು ಅವನನ್ನೇ ನೋಡುತ್ತಿದ್ದ. ಹೆದರಿ ಸುಳ್ಳು ಹೇಳುತ್ತಿದ್ದಾನೆ, ತಾನು ತಿನ್ನಿಸಿದ್ದು ಏನೆಂದೇ ಪಾಪದವನಿಗೆ ಅರ್ಥವಾಗಿಲ್ಲ ಎಂದು ನನಗೆ ಅನ್ನಿಸಿತು. ಹೋಗಿ ಕೇಳುವಂತಿರಲಿಲ್ಲ.

ನನ್ನ ಸರದಿ ಬಂತು. ಯಂತ್ರ, ಗೆರೆ, ಪ್ರಮಾಣ, ಎಲ್ಲ ಹೇಳಿದೆ. ಅಧ್ಯಕ್ಷರು ಕಾಗದ ಮಡಚುತ್ತಾ, ಇನ್ನೇನಾದರೂ ಸೇರಿಸುವುದಿದೆಯೇ ಎಂದು ಕೇಳಿದರು. ಎಲ್ಲ ಸಾಕ್ಷಿಗಳಿಗೂ ವಾಡಿಕೆಯಂತೆ ಕೇಳುವ ಪ್ರಶ್ನೆ ಅದು. ಇಲ್ಲ ಎನ್ನುವುದೇ ವಾಡಿಕೆಯ ಉತ್ತರ. ಚೀಫ್ ನನ್ನ ಕಡೆ ನೋಡದೆ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು.

"ಇದೆ" ಎಂದೆ.

ಥೀಬೈನ್ ಎಂದರೇನೆಂದು ವಿವರಿಸಿದೆ. ಆಯುಧಪೂಜೆ ಎಂದರೇನೆಂದು ಹೇಳಿದೆ. ನಮ್ಮ ಕಡೆ ದುಡಿಮೆಯ ಸಾಧನಕ್ಕೆ ಕುಂಕುಮವಿಟ್ಟು ಸಿಹಿ ಕೊಡುತ್ತಾರೆ, ಈ ಮನುಷ್ಯ ಕುದುರೆಗೆ ಮದ್ದು ಕೊಟ್ಟಿಲ್ಲ, ಪ್ರಸಾದ ಕೊಟ್ಟಿದ್ದಾನೆ, ಆ ಪಾಯಸವನ್ನು ಅದೇ ದಿನ ನಾನೂ ಕುಡಿದಿದ್ದೇನೆ ಎಂದೆ. ಟ್ರೇನರಿನ ವಕೀಲ ಮುಖ ಅರಳಿಸಿಕೊಂಡು ಬರೆದುಕೊಳ್ಳತೊಡಗಿದ. ಸೈಸ್ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ಅದು ಕೃತಜ್ಞತೆ ಎಂದುಕೊಂಡೆ.

"ಪಾಯಸ ಯಾರ ಮನೆಯಿಂದ ಬಂತು?" ಅಧ್ಯಕ್ಷರು ಮೆತ್ತಗೆ ಕೇಳಿದರು.

"ಒಂದು ಕನ್ನಡದ ಕುಟುಂಬ."

"ಹೆಸರು ಹೇಳದಿದ್ದರೆ ನಿಮ್ಮ ಮಾತನ್ನು ಪರಿಶೀಲಿಸುವುದು ಹೇಗೆ?"

ಡಬ್ಬಿ ಇದ್ದಿದ್ದರೆ ಹೆಸರು ಬೇಕಾಗುತ್ತಿರಲಿಲ್ಲವೇನೋ. ಅದರ ಪಾಯಸ ಸಿಂಕಿನಲ್ಲಿ ಹೋಗಿತ್ತು. ಹೆಸರು ಹೇಳಿದೆ.

ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಒಬ್ಬ ಅಧಿಕಾರಿ ಎದ್ದುಹೋದ. ಆ ಕಾಲದಲ್ಲಿ ದೊಡ್ಡ ಗಿರಾಕಿಗಳು ಖಾತೆ ತೆರೆದು ಫೋನಿನಲ್ಲೇ ರೇಸಿಗೆ ಕಟ್ಟಬಹುದಿತ್ತು, ಎಲ್ಲ ಕಾನೂನುಬದ್ಧವಾಗಿಯೇ. ಚಹಾ ವಿರಾಮ ಮುಗಿಯುವಷ್ಟರಲ್ಲಿ ಅಧಿಕಾರಿ ಆ ಖಾತೆಯ ವಿವರ ಹಿಡಿದು ವಾಪಸಾದ. ಅಂಕಲ್ ಆ ಶನಿವಾರ ಅದೇ ಕುದುರೆಗೆ ಕಟ್ಟಿದ್ದರು. ಅದಕ್ಕೆ ಹಿಂದಿನ ಎಷ್ಟೋ ಶನಿವಾರಗಳಲ್ಲಿ ಅದೇ ಲಾಯದ ಬೇರೆ ಕುದುರೆಗಳಿಗೂ ಕಟ್ಟಿದ್ದರು.

ಆಮೇಲೆ ಸೈಸ್‌ಗೆ ಕೇಳಿದ ಪ್ರಶ್ನೆಗಳಲ್ಲಿ ಮಾರ್ಫೀನ್ ಎಂಬ ಪದವೇ ಬರಲಿಲ್ಲ. ಈ ಮಹನೀಯರು ನಿನಗೆ ಹೇಗೆ ಪರಿಚಯ? ಎಷ್ಟು ಸಲ ಭೇಟಿಯಾಗಿದ್ದೀಯ? ಕುದುರೆಗಳ ಬಗ್ಗೆ ಅವರು ಏನು ಕೇಳುತ್ತಿದ್ದರು? ನೀನೇನು ಹೇಳುತ್ತಿದ್ದೆ? ಸೈಸ್ ಬೆವರು ಒರೆಸಿಕೊಳ್ಳುತ್ತಾ, ಕೊನೆಗೆ ದುಭಾಷಿಯನ್ನು ಬಿಟ್ಟು ಕನ್ನಡದಲ್ಲೇ, ಯಾರಿಗೂ ಅಲ್ಲದಂತೆ, "ಊರೋರು ಅಂತ ಮಾತಾಡಿಸ್ತಿದ್ರು. ಕುದುರೆ ಹೆಂಗದೆ ಅಂತ ಕೇಳೋರು. ಚೆನ್ನಾಗದೆ, ಚೆನ್ನಾಗಿಲ್ಲ ಅಂತ ಹೇಳ್ತಿದ್ದೆ. ಅಷ್ಟೇ" ಎಂದ. ಆ ಕೋಣೆಯಲ್ಲಿ ಅದು ಅರ್ಥವಾದದ್ದು ನನಗೊಬ್ಬಳಿಗೆ. ಅಧ್ಯಕ್ಷರು ನನ್ನ ಕಡೆ ತಿರುಗಿ, ಏನು ಹೇಳಿದ ಎಂದು ಕೇಳಿದರು. ಅನುವಾದ ನಾನೇ ಮಾಡಬೇಕಾಯಿತು. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಬೇರೆ ಏನನ್ನಾದರೂ ಹೇಳಲು ನನಗೆ ಬರುತ್ತಲೂ ಇರಲಿಲ್ಲ.

ತೀರ್ಪು ಮಧ್ಯಾಹ್ನ ಬಂತು. ಮದ್ದು ಕೊಡುವ ಉದ್ದೇಶ ಇರಲಿಲ್ಲವೆಂದು ಸ್ಟೂವರ್ಡ್‌ಗಳು ಒಪ್ಪಿದರು. ಲ್ಯಾಬಿನ ಎಚ್ಚರಿಕೆಯ ಕೆಲಸಕ್ಕೆ ಮೆಚ್ಚುಗೆ ಹೇಳಿದರು. ಚೀಫ್ ಮುಖ ಕೆಂಪಾಯಿತು, ಖುಷಿಯಿಂದ. ಕುದುರೆಯ ಗೆಲುವು ರದ್ದು, ಅದು ನಿಯಮ. ಟ್ರೇನರಿಗೆ ಸಣ್ಣ ದಂಡ, ಮೊದಲು ಎಲ್ಲರೂ ಹೆದರಿದ್ದಕ್ಕಿಂತ ಬಹಳ ಸಣ್ಣದು. ಲಾಯದ ಒಳಗಿನ ಮಾಹಿತಿಯನ್ನು ಪಣ ಕಟ್ಟುವವರಿಗೆ ತಲುಪಿಸಿದ್ದಕ್ಕಾಗಿ ಸೈಸ್‌ನ ಲೈಸೆನ್ಸ್ ಶಾಶ್ವತವಾಗಿ ರದ್ದು. ಲೈಸೆನ್ಸ್ ಇಲ್ಲದವನಿಗೆ ವರ್ಕ್ ಪರ್ಮಿಟ್ ಇಲ್ಲ.

"ಮಾಹಿತಿ ತೆಗೆದುಕೊಂಡವರಿಗೆ?" ಎಂದು ನಾನು ಕೇಳಿಯೇಬಿಟ್ಟೆ. ಕೇಳುವ ಹಕ್ಕು ನನಗಿರಲಿಲ್ಲ.

ಅಧ್ಯಕ್ಷರು ಕೋಪಿಸಿಕೊಳ್ಳಲಿಲ್ಲ. ನಮ್ಮ ನಿಯಮ ಲೈಸೆನ್ಸ್ ಪಡೆದವರಿಗೆ ಮಾತ್ರ ಅನ್ವಯಿಸುತ್ತದೆ, ಸಾರ್ವಜನಿಕರು ನಮ್ಮ ಗ್ರಾಹಕರು ಎಂದು ತಾಳ್ಮೆಯಿಂದ ತಿಳಿಸಿ ಟೇಪ್ ರೆಕಾರ್ಡರ್ ನಿಲ್ಲಿಸಿದರು. ಗಸಗಸೆಯ ವಿಷಯಕ್ಕೆ ಅಂಕಲ್ ಮನೆಗೆ ಒಂದು ಎಚ್ಚರಿಕೆಯ ಕಾಗದ ಹೋಯಿತೆಂದು ಆಮೇಲೆ ಕೇಳಿದೆ. ನನಗೂ ಒಂದು ಬಂತು. ಗಂಡನ ಪಾಸ್ ಸಲೀಸಾಗಿ ರಿನ್ಯೂ ಆಯಿತು, ಅಂಕಲ್ಲೇ ಸೈನ್ ಹಾಕಿದರು. ನಮ್ಮನ್ನು ಊಟಕ್ಕೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಕನ್ನಡದವರು ಸೇರುವ ಕಡೆ ನಾನು ಹೋದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಮನೆಮುರುಕಿ ಎಂದು ಯಾರೋ ಅಂದರಂತೆ. ಯಾರ ಮನೆ ಮುರಿಯಿತು ಎಂದು ಅವರ್ಯಾರೂ ವಿಚಾರಿಸಲಿಲ್ಲ.

ತೀರ್ಪಿನ ದಿನ ಸಂಜೆ ರೇಸ್‌ಕೋರ್ಸ್ ಗೇಟಿನ ಹೊರಗಿನ ಬಸ್ ಸ್ಟಾಪಿನಲ್ಲಿ ಅವನು ಕೂತಿದ್ದ. ನಾನು ನಿಂತೆ. ಅವನೀಗ ಲಾಯದವನಲ್ಲ. ಮಾತಾಡಿದರೆ ಯಾವ ನಿಯಮವೂ ಮುರಿಯುವುದಿಲ್ಲ ಎಂಬ ಲೆಕ್ಕ ಆಗಲೂ ನನ್ನ ತಲೆಯಲ್ಲಿ ಓಡಿದ್ದು ನೆನಪಾದರೆ ಮೈ ಉರಿಯುತ್ತದೆ.

ಪಕ್ಕದಲ್ಲಿ ಕೂತು, "ನಿಮ್ಮ ಮೇಲೆ ಡ್ರಗ್ಸ್ ಕೇಸ್ ನಿಲ್ಲಬಾರದು ಅಂತ ಹೇಳಿದೆ. ಊರಿಗೆ ಹೋದ ಮೇಲೂ ಆ ಹೆಸರು ಬರ್ಬಾರದಲ್ಲ" ಎಂದೆ.

ಅವನು ತಲೆಯಾಡಿಸಿದ. ಅಂಗಿಯ ತೋಳು ಮಡಚಿಕೊಂಡಿದ್ದ. "ಡ್ರಗ್ಸ್‌ನೋರು ಅವತ್ತೇ ಬಿಟ್‌ಬಿಟ್ರು ತಾಯಿ. ಉಚ್ಚೇಲಿ ಏನೂ ಸಿಗ್ಲಿಲ್ಲ ಅಂತ. ಟ್ರೇನರ್ ಸಾಹೇಬ್ರು ಎಲ್ಲಾ ಮಾತಾಡಿದ್ರು. ಗೊತ್ತಿಲ್ಲ ಗೊತ್ತಿಲ್ಲ ಅಂತ ಇರು, ಆರು ತಿಂಗಳು ಸಸ್ಪೆಂಡ್ ಮಾಡ್ತಾರೆ, ಅಲ್ಲೀಗಂಟ ಲದ್ದಿ ಎತ್ಕೊಂಡಿರು, ದಂಡ ನಾನ್ ಕಟ್ಕೋತೀನಿ, ಆಮೇಲೆ ನಿನ್ನ ಕುದುರೆ ನಿಂಗೇ ಅಂದಿದ್ರು. ಗಸಗಸೆ ಅಂತ ನಂಗೂ ಗೊತ್ತಿತ್ತು. ಕುಡುದ್ರೆ ಗೊತ್ತಾಗಲ್ವಾ?"

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ನನ್ನ ಸಂಕಟ ಅದೇ. ಆ ನಿಜದಿಂದ ಟ್ರೇನರು ಉಳಿದ, ಲ್ಯಾಬಿಗೆ ಹೊಗಳಿಕೆ ಸಿಕ್ಕಿತು, ಪಣ ಕಟ್ಟುವವರಿಗೆ ರೇಸು ಶುದ್ಧ ಎಂಬ ನಂಬಿಕೆ ಬಂತು. ಯಾರಿಗಾಗಿ ಬಾಯಿ ಬಿಟ್ಟೆನೋ ಅವನೊಬ್ಬ ಬಸ್ಸಿಗೆ ಕಾಯುತ್ತಿದ್ದ.

ಯಿಶುನ್ ಕಡೆಯ ಬಸ್ ತಿರುವಿನಲ್ಲಿ ಕಂಡಿತು. ಅವನು ಎದ್ದು, ಚಿಲ್ಲರೆ ಹುಡುಕುತ್ತಾ, "ನೀವು ಆಯುಧಪೂಜೆ ಅಂದ್ರಲ್ಲ, ಅಲ್ಲೀಗಂಟ ನೀವು ನಮ್ಮ ಮೈಸೂರೋರು ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದ.

"ಹೌದು, ಮೈಸೂರೇ."

"ಮೊದ್ಲೇ ಗೊತ್ತಿದ್ದಿದ್ರೆ ಬಂದು ನಿಮ್ಮ ಕಾಲು ಹಿಡ್ಕೋತಿದ್ದೆ ತಾಯಿ, ಏನೂ ಹೇಳ್ಬೇಡಿ ಅಂತ" ಎಂದು ಬಸ್ ಹತ್ತಿದ.